ದೊರೆಯ ಎದುರಿನಲ್ಲಿ, ಜನರ ಕಡೆಗೆ

ಎದುರಾಳಿಗೆ ಸಮನಾದ ಸೈನ್ಯವಿಲ್ಲ, ನೌಕಾಬಲವಿಲ್ಲ, ಬೊಕ್ಕಸದಲ್ಲಿ ಹಣವಿಲ್ಲ. ಇದ್ದುದು ಮಾತೊಂದೇ. ಲಿಯೊಪೋಲ್ಡ್‌ವಿಲ್, ಜಿನೀವಾ, ಅಲೆಕ್ಸಾಂಡ್ರಿಯಾ, ಅಡಿಸ್ ಅಬಾಬ: ಜೂನ್ 30ರಿಂದ ಜುಲೈ 29ರವರೆಗಿನ ಒಂದೇ ತಿಂಗಳ ಅವಧಿಯಲ್ಲಿ ಸ್ಮರಣೆಯ ದಿನಗಳು ಬೀಳುವ ನಾಲ್ಕು ಭಾಷಣಗಳ ಕಥೆ.

1960ನೆಯ ಇಸವಿಯ ಜೂನ್ 30, ಗುರುವಾರ. ಕಾಂಗೋ ದೇಶದ ರಾಜಧಾನಿಯಾದ ಲಿಯೊಪೋಲ್ಡ್‌ವಿಲ್ ನಗರದ ರಾಷ್ಟ್ರಭವನದಲ್ಲಿ, ಎರಡು ದೇಶಗಳ ಗಣ್ಯರು ನೆರೆದಿದ್ದ ಸಭೆಯ ಮುಂದೆ, ಬೆಲ್ಜಿಯಮ್ಮಿನ ದೊರೆ ಬೊದುವಾಂ ಅವರು ಭಾಷಣ ಮಾಡುತ್ತಿದ್ದರು.

ದೊರೆಯ ವಯಸ್ಸು 29. ತಮ್ಮ ವಂಶದ ಹಿರಿಯನಾದ ಎರಡನೆಯ ಲಿಯೊಪೋಲ್ಡನ ಪ್ರತಿಭೆಯಿಂದ ಆರಂಭವಾದ ಮಹಾಕಾರ್ಯವು ಕಾಂಗೋದ ಸ್ವಾತಂತ್ರ್ಯದಲ್ಲಿ ಇಂದು ಪರಿಪೂರ್ಣವಾಗುತ್ತಿದೆಯೆಂದೂ, ಬೆಲ್ಜಿಯಂ ತಮ್ಮಲ್ಲಿ ಇರಿಸಿರುವ ವಿಶ್ವಾಸಕ್ಕೆ ತಾವು ಯೋಗ್ಯರೆಂಬುದನ್ನು ಇನ್ನು ಮುಂದೆ ಕಾಂಗೋದವರೇ ತೋರಿಸಿಕೊಡಬೇಕೆಂದೂ ಅವರು ಹೇಳುತ್ತಿದ್ದಾಗ, ಸಭೆಯಲ್ಲಿ ಕುಳಿತಿದ್ದ ಕನ್ನಡಕದ ತರುಣರೊಬ್ಬರು ತಮ್ಮ ಕೈಯಲ್ಲಿದ್ದ ಕಾಗದಗಳ ಮೇಲೆ ಏನನ್ನೋ ತಿದ್ದಿ ಬರೆಯುತ್ತಲೇ ಇದ್ದರು.

ಅವರೇ ಪ್ರಧಾನಮಂತ್ರಿ ಪಟ್ರೀಸ್ ಲುಮುಂಬಾ. ಹಿಂದೆ ಸ್ಟಾನ್ಲಿವಿಲ್ ನಗರದಲ್ಲಿ ಅಂಚೆ ಇಲಾಖೆಯ ಗುಮಾಸ್ತರಾಗಿದ್ದವರು. ವಯಸ್ಸು 35 ತುಂಬಲು ಇನ್ನೆರಡು ದಿನ ಉಳಿದಿತ್ತು.

ಆ ದಿನದ ಕಾರ್ಯಕ್ರಮಪಟ್ಟಿಯಲ್ಲಿ ಲುಮುಂಬಾ ಅವರ ಭಾಷಣವೇ ಇರಲಿಲ್ಲ. ದೊರೆ ಮಾತನಾಡುವುದು, ರಾಷ್ಟ್ರಾಧ್ಯಕ್ಷ ಕಸವುಬು ಅವರು ವಿನಯಪೂರ್ವಕವಾಗಿ ಪ್ರತ್ಯುತ್ತರ ಹೇಳುವುದು, ಪತ್ರಗಳಿಗೆ ಸಹಿ ಬೀಳುವುದು. ಅಷ್ಟಕ್ಕೆ ಸಮಾರಂಭ ಮುಗಿಯಬೇಕಾಗಿತ್ತು. ಆದರೆ ಕಸವುಬು ಅವರ ಮಾತು ಮುಗಿದೊಡನೆ ಪ್ರಜಾಪ್ರತಿನಿಧಿ ಸಭೆಯ ಅಧ್ಯಕ್ಷರಾಗಿದ್ದ ಜೋಸೆಫ್ ಕಸೊಂಗೊ ಅವರು ಪ್ರಧಾನಮಂತ್ರಿಯನ್ನು ವೇದಿಕೆಗೆ ಕರೆದರು.

ಲುಮುಂಬಾ ಎದ್ದರು. ಅವರ ಸಂಬೋಧನೆಯಲ್ಲಿ ದೊರೆಯ ಹೆಸರಿರಲಿಲ್ಲ. ಕಾಂಗೋದ ಸ್ತ್ರೀಪುರುಷರನ್ನು, ಹೋರಾಡಿ ಇಂದು ಜಯಶಾಲಿಗಳಾಗಿ ನಿಂತಿರುವ ಸ್ವಾತಂತ್ರ್ಯಯೋಧರನ್ನು ಅವರು ಕರೆದರು. ದೊರೆ ಕೆಲವೇ ಹೆಜ್ಜೆಗಳ ದೂರದಲ್ಲಿ ಕುಳಿತಿದ್ದರು. ಮಾತು ಮಾತ್ರ ಅವರನ್ನು ದಾಟಿ, ಸಭಾಂಗಣದ ಗೋಡೆಗಳನ್ನು ದಾಟಿ, ಆಕಾಶವಾಣಿಯ ಮುಖಾಂತರ ಹೊರಗೆ ನಿಂತಿದ್ದ ಜನಸಮೂಹವನ್ನು ಸೇರಿತು.

‘ನಾವು ಬಲ್ಲೆವು’

ದೊರೆಯ ದೃಷ್ಟಿಯಲ್ಲಿ ಸ್ವಾತಂತ್ರ್ಯವು ಬೆಲ್ಜಿಯಂ ನೀಡಿದ ದಾನವಾಗಿತ್ತು. ಲುಮುಂಬಾ ಆ ದಾನಪತ್ರವನ್ನು ಸ್ವೀಕರಿಸಲಿಲ್ಲ. ಬೆಲ್ಜಿಯಂ ಈಗ ಮಿತ್ರರಾಷ್ಟ್ರವೆಂಬುದನ್ನೂ, ಸಮಾನರಾಗಿ ಅದರೊಡನೆ ವ್ಯವಹರಿಸುವೆವೆಂಬುದನ್ನೂ ಒಪ್ಪಿಕೊಂಡು, ಆದರೆ ಈ ಸ್ವಾತಂತ್ರ್ಯವು ಕಣ್ಣೀರು, ಬೆಂಕಿ, ನೆತ್ತರುಗಳ ನಡುವೆ ದಿನದಿನವೂ ನಡೆದ ಹೋರಾಟದಿಂದ ಗಳಿಸಿದ್ದೆಂಬುದನ್ನು ಕಾಂಗೋದ ಯಾವ ಪ್ರಜೆಯೂ ಮರೆಯಲಾರನೆಂದು ಅವರು ಸ್ಪಷ್ಟವಾಗಿ ಸಾರಿದರು.

ಅನಂತರ ಒಂದರ ಹಿಂದೊಂದು ವಾಕ್ಯ, ಪ್ರತಿಯೊಂದಕ್ಕೂ ಒಂದೇ ಪಲ್ಲವಿ: ಇದನ್ನು ನಾವು ಬಲ್ಲೆವು, ಇದನ್ನು ನಾವು ಅನುಭವಿಸಿದೆವು. ಹೊಟ್ಟೆ ತುಂಬ ಉಣ್ಣುವುದಕ್ಕಾಗಲಿ, ಮಾನವಾಗಿ ಉಡುವುದಕ್ಕಾಗಲಿ, ಮಕ್ಕಳನ್ನು ಅಕ್ಕರೆಯಿಂದ ಬೆಳೆಸುವುದಕ್ಕಾಗಲಿ ಸಾಲದ ಕೂಲಿಗೆ ದುಡಿದುದು. ಕರಿಯರೆಂಬ ಒಂದೇ ಕಾರಣಕ್ಕೆ ಬೆಳಗು, ಮಧ್ಯಾಹ್ನ, ಸಂಜೆಗಳಲ್ಲಿ ಬೈಗುಳವನ್ನೂ ಏಟನ್ನೂ ತಿಂದುದು. ಬಲಿಷ್ಠನ ಹಕ್ಕನ್ನು ಮಾತ್ರ ಹಕ್ಕೆಂದು ಮನ್ನಿಸುವ ಕಾಯಿದೆಗಳ ಹೆಸರಿನಲ್ಲಿ ಭೂಮಿಯನ್ನು ಕಳೆದುಕೊಂಡುದು. ಬಿಳಿಯನು ಹಡಗಿನ ಸುಖಾಸೀನ ಕೊಠಡಿಯಲ್ಲಿ ಪ್ರಯಾಣ ಮಾಡುವಾಗ ಕರಿಯನು ಅವನ ಕಾಲ ಕೆಳಗಿನ ಸರಕಿನ ಕೋಣೆಯಲ್ಲಿ ಕುಳಿತು ಹೋದುದು. ಈ ಪಟ್ಟಿಯಲ್ಲಿ ಅಲಂಕಾರವೆಂಬುದಿಲ್ಲ. ಪ್ರತಿಯೊಂದು ಸಂಗತಿಯೂ ಕೇಳುತ್ತಿದ್ದವರ ಮೈಮೇಲೆ ಆಗಿಹೋಗಿದ್ದ ಸಂಗತಿ. ಸಭೆಯಲ್ಲಿದ್ದ ಕಾಂಗೋದವರು ಎಂಟು ಬಾರಿ ಚಪ್ಪಾಳೆಯಿಂದ ಮಾತನ್ನು ತಡೆದುನಿಲ್ಲಿಸಿದರು.

ಆ ಪಟ್ಟಿಯೊಳಗಿನ ಒಂದು ದೂರು ಕನ್ನಡಿಗನಾದವನಿಗೆ ಯಾವ ವ್ಯಾಖ್ಯಾನವೂ ಇಲ್ಲದೆ ಮುಟ್ಟತಕ್ಕದ್ದು. ಕರಿಯನನ್ನು ಬಿಳಿಯರು ಏಕವಚನದಲ್ಲಿಯೇ ಮಾತನಾಡಿಸುತ್ತಿದ್ದುದನ್ನು ಯಾರು ಮರೆತಾರು, ಸ್ನೇಹದ ಸಲಿಗೆಯಿಂದಲ್ಲ, ಗೌರವದ ಬಹುವಚನವು ಬಿಳಿಯರಿಗೇ ಮೀಸಲಾಗಿದ್ದುದರಿಂದ ಎಂದು ಲುಮುಂಬಾ ಕೇಳಿದರು. ಹಿರಿಯನಾದ ಕೂಲಿಯಾಳನ್ನು ಜಮೀನುದಾರನ ಮಗುವೂ ‘ಏನೋ, ಬಾರೋ’ ಎಂದು ಕರೆಯುತ್ತಿದ್ದ ಊರುಗಳನ್ನು ಕಂಡಿರುವ ನಮಗೆ, ಗದ್ದೆಗಳ, ಗಣಿಗಳ, ಗುಂಡೇಟುಗಳ ನೆನಪಿನ ನಡುವೆ ವ್ಯಾಕರಣದ ಈ ಅಣುಮಾತ್ರ ಸಂಗತಿಗೆ ಅವರು ಏಕೆ ಸ್ಥಾನ ಕೊಟ್ಟರೆಂಬುದು ತಿಳಿಯದೆ ಇರದು.

ಅವರು ಮಾತನಾಡಿದುದು ಫ್ರೆಂಚ್ ಭಾಷೆಯಲ್ಲಿ. ತೆತೆಲ ಅವರ ಮನೆಮಾತು. ಸ್ವಾಹಿಲಿ, ಲಿಂಗಾಲಗಳನ್ನೂ ಬಲ್ಲವರಾಗಿದ್ದರು. ಆದರೆ 200ಕ್ಕೂ ಮಿಕ್ಕ ಭಾಷೆಗಳಿರುವ ಆ ದೇಶದಲ್ಲಿ ಎಲ್ಲ ಪ್ರಾಂತಗಳ ಪ್ರತಿನಿಧಿಗಳೂ ಕೂಡಿದ ಸಭೆಗೆ ಸಾಮಾನ್ಯವಾದ ನುಡಿ ಆಳುವವರ ನುಡಿಯೇ. ಅದರಿಂದ ಇನ್ನೊಂದು ಪ್ರಯೋಜನವೂ ಆಯಿತು. ತನ್ನನ್ನು ಕುರಿತು ಆಡದೆ, ತನ್ನೆದುರಿನಲ್ಲಿಯೇ ಆಡುತ್ತಿರುವ ಈ ಮಾತು ದೊರೆಗೆ ದುಭಾಷಿಯ ನೆರವಿಲ್ಲದೆ ಅಕ್ಷರಶಃ ಕೇಳಿಸುತ್ತಿತ್ತು. ಆಜ್ಞೆ ಮಾಡುವುದಕ್ಕೆಂದು ಆ ದೇಶಕ್ಕೆ ಬಂದ ಭಾಷೆ ಅಂದು ಸಾಕ್ಷ್ಯ ನುಡಿಯಿತು.

ದೊರೆ ಕುಪಿತರಾದರು, ಕೂಡಲೇ ಹಿಂದಿರುಗಿಬಿಡುವ ಯೋಚನೆಯೂ ನಡೆಯಿತು, ಮುಂದಿನ ಕಾರ್ಯಕ್ರಮಗಳು ಸುಮಾರು ಒಂದು ಗಂಟೆ ತಡವಾದವು. ಮಧ್ಯಾಹ್ನದ ಔತಣದಲ್ಲಿ ಲುಮುಂಬಾ ಅವರೇ ಬೆಲ್ಜಿಯಮ್ಮನ್ನು ಹೊಗಳುವ ನಾಲ್ಕು ಮೃದುವಾದ ಮಾತುಗಳನ್ನಾಡಿ ಸಮಾಧಾನಪಡಿಸಬೇಕಾಯಿತು.

ಆದರೆ ಬೆಳಗಿನ ಮಾತನ್ನು ಹಿಂದಕ್ಕೆ ತರುವವರಾರು? ಐದೇ ದಿನಗಳಲ್ಲಿ ಸೈನ್ಯ ದಂಗೆಯೆದ್ದಿತು. ಜುಲೈ 11ರಂದು ಗಣಿಗಳ ನಾಡಾದ ಕಟಂಗಾ ಬೇರೆಯಾಯಿತು. 1961ರ ಜನವರಿ 17ರಂದು ಅದೇ ಕಟಂಗಾದಲ್ಲಿ, ಬೆಲ್ಜಿಯಮ್ಮಿನ ಅಧಿಕಾರಿಗಳ ಸಮಕ್ಷಮದಲ್ಲಿ, ಲುಮುಂಬಾ ಅವರನ್ನು ಗುಂಡಿಟ್ಟು ಕೊಂದರು. ಅನಂತರ ದೇಹವನ್ನು ಕುರುಹೂ ಉಳಿಯದಂತೆ ನಾಶಪಡಿಸಿದರು. ಬೆಲ್ಜಿಯಂ ಸರಕಾರ ಕ್ಷಮೆ ಕೇಳಿದುದು 2002ರಲ್ಲಿ. ಅವರ ದೇಹದಿಂದ ಉಳಿದಿದ್ದ ಒಂದೇ ಒಂದು ಹಲ್ಲು ಕುಟುಂಬದವರ ಕೈ ಸೇರಿದುದು 2022ರ ಜೂನ್ 20ರಂದು.

> ಯಾರು ಈ ಲಿಯೊಪೋಲ್ಡ್?
> 1885ರಿಂದ 1908ರವರೆಗೆ ಕಾಂಗೋ ಯಾವ ದೇಶದ ವಸಾಹತೂ ಆಗಿರಲಿಲ್ಲ. ಬೆಲ್ಜಿಯಮ್ಮಿನ ದೊರೆ ಎರಡನೆಯ ಲಿಯೊಪೋಲ್ಡನ ಸ್ವಂತ ಆಸ್ತಿಯಾಗಿತ್ತು. ದಂತಕ್ಕಾಗಿ, ರಬ್ಬರಿಗಾಗಿ ಅಲ್ಲಿ ನಡೆದ ಬಲಾತ್ಕಾರದ ದುಡಿಮೆ, ಕತ್ತರಿಸಿದ ಕೈಗಳ ಛಾಯಾಚಿತ್ರಗಳ ಮೂಲಕ ಲೋಕಕ್ಕೆ ತಿಳಿಯಿತು. ರಾಜಧಾನಿಗೆ ಅವನದೇ ಹೆಸರಿತ್ತು. 1966ರಿಂದ ಅದು ಕಿನ್ಶಾಸಾ. ‘ನಾವಿನ್ನು ನಿಮ್ಮ ಕೋತಿಗಳಲ್ಲ’ ಎಂದು ಲುಮುಂಬಾ ಅಂದು ಹೇಳಿದರೆಂಬ ಮಾತು ಪ್ರಚಾರದಲ್ಲಿದೆಯಾದರೂ ಭಾಷಣದ ಪಾಠದಲ್ಲಿ ಆ ವಾಕ್ಯವಿಲ್ಲ.

ಉತ್ತರವಿಲ್ಲದ ಪ್ರಶ್ನೆ

ಬಲಹೀನ ರಾಷ್ಟ್ರದ ನಾಯಕನೊಬ್ಬ ಬಲಾಢ್ಯನ ಎದುರು ನಿಂತಾಗ ಅವನ ಮಾತಿನ ಸತ್ತ್ವವು ಏರುದನಿಯಲ್ಲಿಯೂ ಇರುವುದಿಲ್ಲ, ಉಪಮೆ ರೂಪಕಗಳಲ್ಲಿಯೂ ಇರುವುದಿಲ್ಲ. ಅವನು ಯಾರನ್ನು ತನ್ನ ಶ್ರೋತೃವೆಂದು ಭಾವಿಸಿ ಮಾತನಾಡುತ್ತಾನೆ ಎಂಬುದರಲ್ಲಿ ಇರುತ್ತದೆಂದು ನನ್ನ ನಂಬಿಕೆ. ಲುಮುಂಬಾ ಅವರ ಭಾಷಣಕ್ಕೆ ಸರಿಯಾಗಿ 24 ವರ್ಷಗಳ ಹಿಂದೆ, ಅದೇ ಜೂನ್ 30ರಂದು, ಬಲಾಢ್ಯರನ್ನೇ ತನ್ನ ಶ್ರೋತೃಗಳೆಂದು ನಂಬಿ ಮಾತನಾಡಿದ ಇನ್ನೊಬ್ಬರಿದ್ದರು.

1936ರ ಜಿನೀವಾ. ರಾಷ್ಟ್ರಸಂಘದ ಮಹಾಸಭೆ. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಅವರು ವೇದಿಕೆಯನ್ನು ಏರಿದೊಡನೆ ಇಟಲಿಯ ಪತ್ರಕರ್ತರು ಸೀಟಿ ಊದಿ, ಕೂಗೆಬ್ಬಿಸಿ, ಅವಾಚ್ಯವಾಗಿ ನಿಂದಿಸತೊಡಗಿದರು. ರುಮೇನಿಯಾದ ಪ್ರತಿನಿಧಿ ಟಿಟುಲೆಸ್ಕು ಎದ್ದುನಿಂತು, ಆ ಅನಾಗರಿಕರನ್ನು ಹೊರಗೆ ಹಾಕಿರೆಂದು ಗರ್ಜಿಸಿದರು. ಗಲಭೆಯವರನ್ನು ಹೊರಗೆ ಕಳುಹಿಸುವವರೆಗೂ, ಕೃಶಶರೀರದ ಆ ಅರಸರು ಒಂದು ಮಾತನ್ನೂ ಆಡದೆ, ಮುಖದಲ್ಲಿ ಒಂದು ಗೆರೆಯನ್ನೂ ಕದಲಿಸದೆ ನಿಂತಿದ್ದರು.

ಅವರ ರಾಜಧಾನಿ ಇಟಲಿಯ ವಶವಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಫ್ರೆಂಚ್ ಭಾಷೆಯನ್ನು ಅವರು ಚೆನ್ನಾಗಿ ಬಲ್ಲವರು. ರಾಜತಂತ್ರಜ್ಞರ ಆ ಸಭೆಗೆ ಅದೇ ಉಚಿತವಾದ ನುಡಿಯೂ ಆಗಿತ್ತು. ಆದರೂ ಅವರು ತಮ್ಮ ಜನರ ಅಮ್ಹಾರಿಕ್ ಭಾಷೆಯಲ್ಲಿಯೇ ಮಾತನಾಡಿದರು. ನಕಾಶೆಯಿಂದ ಅಳಿಸಿಹೋಗಿದೆಯೆಂದು ಮುಸೊಲಿನಿ ಸಾರಿದ್ದ ರಾಜ್ಯದ ಭಾಷೆ ಅಂದು ಆ ವೇದಿಕೆಯ ಮೇಲೆ ಜೀವಂತವಾಗಿ ಕೇಳಿಸಿತು. ಶತ್ರುವು ಗೆದ್ದ ನೆಲಕ್ಕೆ ಅದಕ್ಕಿಂತ ಬಲವಾದ ತಕರಾರನ್ನು ಕಾಗದದಲ್ಲಿ ಬರೆಯುವುದು ಸಾಧ್ಯವಿರಲಿಲ್ಲ.

ವಿಮಾನಗಳಿಗೆ ಸಿಂಪಡಿಸುವ ಯಂತ್ರಗಳನ್ನು ಕಟ್ಟಿ, ಒಂಬತ್ತು, ಹದಿನೈದು, ಹದಿನೆಂಟರ ತಂಡಗಳಾಗಿ ಬಿಟ್ಟು, ನಡುವೆ ತೆರಪಿಲ್ಲದಂತೆ ವಿಷದ ಮಳೆಯನ್ನು ಸುರಿಸಿದ ಬಗೆಯನ್ನೂ, ಸೈನಿಕರೊಡನೆ ಹೆಂಗಸರು, ಮಕ್ಕಳು, ದನಕರುಗಳು, ನದಿಗಳು, ಹುಲ್ಲುಗಾವಲುಗಳು ಅದರಲ್ಲಿ ತೊಯ್ದ ಬಗೆಯನ್ನೂ ಅವರು ವಿವರಿಸಿದರು. ಎಂಟು ತಿಂಗಳ ಹಿಂದೆ 50 ರಾಷ್ಟ್ರಗಳು ಆಕ್ರಮಣ ನಡೆದಿದೆಯೆಂದು ಒಪ್ಪಿ ಕೊಟ್ಟಿದ್ದ ವಾಗ್ದಾನವನ್ನು ನೆನಪಿಸಿದರು. ಇದು ಇಥಿಯೋಪಿಯಾ ಒಂದರ ಪ್ರಶ್ನೆಯಲ್ಲ, ಸಣ್ಣ ರಾಷ್ಟ್ರಗಳೆಲ್ಲದರ ಅಳಿವು ಉಳಿವಿನ ಪ್ರಶ್ನೆಯೆಂದು ಎಚ್ಚರಿಸಿ, ಕೊನೆಗೆ, ನನ್ನ ಜನರಿಗೆ ನಾನು ಯಾವ ಉತ್ತರವನ್ನು ಕೊಂಡೊಯ್ಯಲಿ ಎಂದು ಕೇಳಿದರು.

ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಭೀಷ್ಮಾದಿಗಳಲ್ಲಿ ಉತ್ತರವಿರಲಿಲ್ಲವಷ್ಟೆ. ಜಿನೀವಾದ ಹಿರಿಯರಲ್ಲಿಯೂ ಇರಲಿಲ್ಲ. ಇಟಲಿಯ ಮೇಲೆ ವಿಧಿಸಿದ್ದ, ಯುದ್ಧಯಂತ್ರಕ್ಕೆ ಮುಖ್ಯವಾದ ಎಣ್ಣೆಯನ್ನು ಮೊದಲಿನಿಂದಲೇ ಹೊರಗಿಟ್ಟಿದ್ದ ಅಲ್ಪಸ್ವಲ್ಪ ವ್ಯಾಪಾರ ನಿರ್ಬಂಧವನ್ನೂ ಆ ಜುಲೈನಲ್ಲಿಯೇ ತೆಗೆದುಹಾಕಿದರು. ನ್ಯಾಯಾಧೀಶರೇ ಅಪರಾಧಿಗೆ ಹೆದರಿರುವಾಗ ನ್ಯಾಯವನ್ನು ಬೇಡುವ ಮಾತಿಗೆ ಫಲ ಕಾಣದು. ರಾಷ್ಟ್ರಸಂಘವೂ ಆಮೇಲೆ ಬಹುಕಾಲ ಬಾಳಲಿಲ್ಲ. ಚಕ್ರವರ್ತಿ 1941ರ ಮೇ 5ರಂದು, ರಾಜಧಾನಿ ಕೈಬಿಟ್ಟು ಸರಿಯಾಗಿ ಐದು ವರ್ಷಗಳಾದ ದಿನ, ಅಡಿಸ್ ಅಬಾಬಕ್ಕೆ ಮರಳಿದರು.

ಬೀದಿಯ ಮಾತು, ಕಾಲುವೆಯ ಒಡೆತನ

ಬೇಡಿಕೆಯ ಭಾಷೆಯನ್ನು ಬದಿಗಿಟ್ಟವರು ಗಮಾಲ್ ಅಬ್ದುಲ್ ನಾಸರ್.

1956ರ ಜುಲೈ 26ರ ರಾತ್ರಿ ಅಲೆಕ್ಸಾಂಡ್ರಿಯಾದ ಮನ್ಶಿಯ ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ದೊರೆ ಫರೂಕ್ ದೇಶ ಬಿಟ್ಟು ಅಂದಿಗೆ ನಾಲ್ಕು ವರ್ಷ. ಎರಡು ವರ್ಷಗಳ ಹಿಂದೆ ಅದೇ ಚೌಕದಲ್ಲಿ ನಾಸರ್ ಭಾಷಣ ಮಾಡುತ್ತಿದ್ದಾಗ ಅವರ ಮೇಲೆ ಎಂಟು ಗುಂಡು ಹಾರಿ, ಎಂಟೂ ಗುರಿ ತಪ್ಪಿದ್ದವು. ಈಗ ಒಂದು ವಾರದ ಕೆಳಗೆ ಅಮೆರಿಕವು ಅಸ್ವಾನ್ ಅಣೆಕಟ್ಟಿಗೆ ಕೊಡುವೆನೆಂದಿದ್ದ ಹಣವನ್ನು ಕೊಡೆನೆಂದಿತ್ತು. ನಾಯಕರು ಏನು ಹೇಳುವರೋ ಎಂದು ಅರಬ್ಬೀ ಜಗತ್ತೆಲ್ಲ ರೇಡಿಯೋಗಳ ಸುತ್ತ ನೆರೆದಿತ್ತು.

ಅರಬ್ಬರಲ್ಲಿ ವೇದಿಕೆಯ ಭಾಷೆ ಬೇರೆ, ಮನೆಯ ಭಾಷೆ ಬೇರೆ. ಧರ್ಮಗ್ರಂಥದ ಛಾಯೆಯುಳ್ಳ, ವ್ಯಾಕರಣಶುದ್ಧವಾದ ಗ್ರಾಂಥಿಕ ಅರಬ್ಬಿಯಲ್ಲಿಯೇ ರಾಜಕಾರಣಿ ಮಾತನಾಡಬೇಕೆಂಬುದು ಸಂಪ್ರದಾಯ. ನಾಸರ್ ಅವರೂ ಅಲ್ಲಿಯವರೆಗೆ ಬಹುಮಟ್ಟಿಗೆ ಹಾಗೆಯೇ ಮಾತನಾಡಿದ್ದರು. ಆ ರಾತ್ರಿ ಅವರು ಕೈರೋದ ಓಣಿಗಳ, ನೈಲ್ ತೀರದ ಹೊಲಗಳ ಆಡುಮಾತಿಗೆ ಇಳಿದರು. ಇಳಿದರೆನ್ನುವುದಕ್ಕಿಂತ, ಆ ಮಾತನ್ನು ರಾಜ್ಯದ ವೇದಿಕೆಗೆ ಏರಿಸಿದರೆನ್ನುವುದು ಸಮಂಜಸ. ರಾಯಭಾರಿಗಳು ಬಂದುದು, ತಾವು ಉತ್ತರ ಕೊಟ್ಟುದು, ಸಾಲ ಕೊಡುವವರು ಹಾಕಿದ ಷರತ್ತು ಇವನ್ನೆಲ್ಲ ಜಗಲಿಯ ಮೇಲೆ ಕುಳಿತು ಊರವರಿಗೆ ಸುದ್ದಿ ಹೇಳುವವರಂತೆ ಹೇಳಿದರು. ಜನ ನಕ್ಕರು. ತಮ್ಮನ್ನು ಇಷ್ಟು ಕಾಲ ಹೆದರಿಸಿದ್ದ ಶಕ್ತಿಗಳನ್ನು ಕುರಿತು ಬಹಿರಂಗವಾಗಿ ನಗಬಹುದೆಂಬುದೇ ಆ ಜನಕ್ಕೆ ಹೊಸ ಅನುಭವ.

ವಿಶ್ವಬ್ಯಾಂಕಿನ ಅಧ್ಯಕ್ಷ ಯುಜೀನ್ ಬ್ಲ್ಯಾಕ್ ಅವರೊಡನೆ ಮಾತನಾಡುವಾಗ ತಮಗೆ ಫರ್ಡಿನಾಂಡ್ ಡಿ ಲೆಸೆಪ್ಸ್ ನೆನಪಾದನೆಂದು ನಾಸರ್ ಹೇಳಿದರು. ಸುಯೆಜ್ ಕಾಲುವೆಯ ಗುತ್ತಿಗೆ ಪಡೆದ ಫ್ರೆಂಚನು ಅವನು. ಜನಕ್ಕೆ ಅದು ಒಂದು ಹೋಲಿಕೆ ಮಾತ್ರ. ಆದರೆ ಇಸ್ಮಾಯಿಲಿಯಾದಲ್ಲಿ ರೇಡಿಯೋಕ್ಕೆ ಕಿವಿಗೊಟ್ಟು ಕುಳಿತಿದ್ದ ಎಂಜಿನಿಯರ್ ಮಹಮೂದ್ ಯೂನಿಸ್ ಅವರಿಗೂ ಅವರ ಸಂಗಡಿಗರಿಗೂ ಅದು ಸಂಕೇತ. ಆ ಹೆಸರು ಕೇಳಿದೊಡನೆ ಮೊಹರು ಮಾಡಿದ ಲಕೋಟೆಗಳನ್ನು ಒಡೆದು, ಒಳಗಿನ ಆಜ್ಞೆಯಂತೆ ಕಾಲುವೆ ಕಂಪನಿಯ ಕಚೇರಿಗಳನ್ನು ವಶಪಡಿಸಿಕೊಳ್ಳಬೇಕಾಗಿತ್ತು. ಎಲ್ಲಿ ಕೇಳಿಸದೆ ಹೋದೀತೋ ಎಂದು ನಾಸರ್ ಆ ಹೆಸರನ್ನು ಮತ್ತೆ ಮತ್ತೆ ಉಚ್ಚರಿಸಿದರು. 14 ಬಾರಿಯೆಂದು ಎಣಿಸಿದವರುಂಟು.

ಲೆಕ್ಕವನ್ನೂ ಅವರು ಜನರ ಮುಂದಿಟ್ಟರು. ಕಂಪನಿಯ ವರಮಾನ 1955ರಲ್ಲಿ 3 ಕೋಟಿ 50 ಲಕ್ಷ ಪೌಂಡು. ಕಾಲುವೆ ತೋಡುವಾಗ 1,20,000 ಮಂದಿಯನ್ನು ಕಳೆದುಕೊಂಡ ಈಜಿಪ್ಟಿಗೆ ಸಂದುದು 10 ಲಕ್ಷ. ಅನಂತರ, ಅದುವರೆಗಿನ ಸಲಿಗೆಯ ನುಡಿಯನ್ನು ನಿಲ್ಲಿಸಿ, ಗಂಭೀರವಾದ ಕಾಯಿದೆಯ ಭಾಷೆಯಲ್ಲಿ, ಸುಯೆಜ್ ಕಾಲುವೆ ಕಂಪನಿಯ ರಾಷ್ಟ್ರೀಕರಣದ ಶಾಸನವನ್ನು ಓದಿದರು. ಷೇರುದಾರರಿಗೆ ಪರಿಹಾರ ಕೊಡುವ ವಿಧಿಯೂ ಅದರಲ್ಲಿತ್ತು. ಒಂದೇ ಭಾಷಣದಲ್ಲಿ ಎರಡು ನುಡಿಗಟ್ಟುಗಳು: ಆಡುಮಾತು ಜನರಿಗಾಗಿ, ಶಾಸನದ ಮಾತು ಲಂಡನ್ನಿಗಾಗಿ, ಪ್ಯಾರಿಸ್ಸಿಗಾಗಿ. ಈ ನಾಲ್ಕು ಭಾಷಣಗಳಲ್ಲಿ ಮಾತೂ ಕೃತಿಯೂ ಒಂದೇ ಮುಹೂರ್ತದಲ್ಲಿ ಘಟಿಸಿದುದು ಇದೊಂದರಲ್ಲಿಯೇ. ವಾಕ್ಯ ಮುಗಿಯುವ ಹೊತ್ತಿಗೆ ಕಾಲುವೆಯ ಒಡೆತನ ಬದಲಾಗಿತ್ತು.

ಅಕ್ಟೋಬರ್ 29ರಂದು ಇಸ್ರೇಲ್, ಅದರ ಬೆನ್ನಿಗೇ ಬ್ರಿಟನ್, ಫ್ರಾನ್ಸ್‌ಗಳು ದಂಡೆತ್ತಿ ಬಂದವು. ಕೈರೋ ಆಕಾಶವಾಣಿಯ ಪ್ರಸಾರ ಸ್ತಂಭಗಳ ಮೇಲೆ ಬಾಂಬು ಬಿದ್ದು ಧ್ವನಿ ನಿಂತಾಗ, ಸಿರಿಯಾದ ಪ್ರಸಾರಕರು ‘ದಮಾಸ್ಕಸ್ಸಿನಿಂದ ಇದು ಕೈರೋ’ ಎಂದು ಘೋಷಿಸಿದರು. ನವೆಂಬರ್ 2ರಂದು ನಾಸರ್ ಅಲ್ ಅಜ್ಹರ್ ಮಸೀದಿಯ ಪ್ರವಚನಪೀಠದಿಂದ, ಶರಣಾಗೆವು, ಹೋರಾಡುವೆವು ಎಂದು ಹೇಳಿದರು. ಅಮೆರಿಕ, ರಷ್ಯಾ ಎರಡೂ ಒತ್ತಾಯಪಡಿಸಿದುದರಿಂದ ಡಿಸೆಂಬರ್ ಮುಗಿಯುವ ಮೊದಲೇ ಬ್ರಿಟಿಷ್, ಫ್ರೆಂಚ್ ಸೇನೆಗಳು ಹಿಂದಿರುಗಿದವು. ಬ್ರಿಟನ್ನಿನ ಪ್ರಧಾನಿ ಈಡನ್ ಜನವರಿಯಲ್ಲಿ ರಾಜೀನಾಮೆ ಕೊಟ್ಟರು.

> ನೆಹರೂ, ಮೆನನ್ ಮತ್ತು ಸುಯೆಜ್
> ಅಣೆಕಟ್ಟಿನ ಹಣ ನಿಂತ ಸುದ್ದಿ ಬಂದಾಗ ನಾಸರ್ ಅವರೂ ಜವಾಹರಲಾಲ್ ನೆಹರೂ ಅವರೂ ಯುಗೋಸ್ಲಾವಿಯಾದ ಬ್ರಿಯೋನಿಯಿಂದ ಕೈರೋಕ್ಕೆ ಒಂದೇ ವಿಮಾನದಲ್ಲಿ ಬರುತ್ತಿದ್ದರು. ಆಗಸ್ಟಿನಲ್ಲಿ ಲಂಡನ್ನಿನಲ್ಲಿ ನಡೆದ ಸಮ್ಮೇಳನದಲ್ಲಿ, ಈಜಿಪ್ಟಿನ ಒಡೆತನವನ್ನು ಒಪ್ಪಿ, ಅಂತಾರಾಷ್ಟ್ರೀಯ ಸಲಹಾ ಮಂಡಲಿಯೊಂದನ್ನು ಸೂಚಿಸುವ ಯೋಜನೆಯನ್ನು ವಿ.ಕೆ. ಕೃಷ್ಣ ಮೆನನ್ ಭಾರತದ ಪರವಾಗಿ ಮಂಡಿಸಿದರು. ಮರುವರ್ಷದ ಜನವರಿಯಲ್ಲಿ ಭದ್ರತಾ ಮಂಡಲಿಯಲ್ಲಿ ಕಾಶ್ಮೀರವನ್ನು ಕುರಿತು ಸುಮಾರು ಎಂಟು ಗಂಟೆಗಳ ಕಾಲ ಮಾತನಾಡಿದವರೂ ಅವರೇ.

ಇಲ್ಲಿಗೇ ನಿಲ್ಲಿಸಿದರೆ ನಾಸರ್ ಅವರ ಕಥೆಯನ್ನು ಅರ್ಧ ಹೇಳಿದಂತಾಗುವುದು. ಯಾವ ಆಡುಮಾತು 1956ರಲ್ಲಿ ಜನರ ಭಯವನ್ನು ನೀಗಿಸಿತೋ, ಅದನ್ನು ನಂಬಿ ರೇಡಿಯೋದ ಮುಂದೆ ಕುಳಿತ ಜನಕ್ಕೆ, 1967ರ ಜೂನ್ ಯುದ್ಧದಲ್ಲಿ ಕೈರೋದ ‘ಅರಬ್ಬರ ಧ್ವನಿ’ ಕೇಂದ್ರವು ಆಗದ ವಿಜಯಗಳನ್ನು ವರ್ಣಿಸಿತು. ಈಜಿಪ್ಟಿನ ವಿಮಾನಬಲವು ನೆಲದ ಮೇಲೆಯೇ ಸುಟ್ಟುಹೋಗಿದ್ದಾಗ ಶತ್ರುವಿನ ವಿಮಾನಗಳು ಉದುರುತ್ತಿರುವ ಲೆಕ್ಕ ಪ್ರಸಾರವಾಗುತ್ತಿತ್ತು. ಹೊರಗಿನ ಬಲಾಢ್ಯನಿಗೆ ಎದುರಾಗಿ ನುಡಿದ ಸತ್ಯವಾಕ್ಯಕ್ಕೆ ಒಳಗಿನ ಜನರೊಡನೆಯೂ ಸತ್ಯವಾಗಿಯೇ ಇರುವ ಹೊಣೆಯುಂಟು. ನಾಸರ್ ಅವರ ಸೆರೆಮನೆಗಳಲ್ಲಿ ವಿರೋಧಿಗಳು ತುಂಬಿದ್ದರೆಂಬುದನ್ನೂ ಮರೆಯತಕ್ಕದ್ದಲ್ಲ. ಭಾಷಣವನ್ನು ಮೆಚ್ಚುವ ನಾವು ಇವನ್ನು ಮುಚ್ಚಿಟ್ಟರೆ ಕೈರೋದ ಪ್ರಸಾರಕರು ಮಾಡಿದ ತಪ್ಪನ್ನೇ ಮಾಡಿದಂತಾಗುವುದು.

ಸಾಲಿಗನ ಮುಂದೆ ಸಾಲಗಾರ

ನಾಲ್ಕನೆಯದು ಚಕ್ರವರ್ತಿಯ ಊರಾದ ಅಡಿಸ್ ಅಬಾಬದಲ್ಲಿಯೇ ನಡೆದ ಭಾಷಣ. 1987ರ ಜುಲೈ 29. ಆಫ್ರಿಕನ್ ಐಕ್ಯ ಸಂಸ್ಥೆಯ ಸಮ್ಮೇಳನದಲ್ಲಿ ಬುರ್ಕಿನಾ ಫಾಸೊ ದೇಶದ ಅಧ್ಯಕ್ಷ, 37 ವರ್ಷದ ಥಾಮಸ್ ಸಂಕಾರಾ ಎದ್ದುನಿಂತರು.

ಆ ಹೊತ್ತಿಗೆ ಧ್ವಜಗಳು ಬದಲಾಗಿ ಕಾಲು ಶತಮಾನವಾಗಿತ್ತು. ಬಲಾಢ್ಯನ ಸ್ವರೂಪವೂ ಬದಲಾಗಿತ್ತು. ಗವರ್ನರನು ಹೋಗಿ ಸಾಲಿಗನು ಬಂದಿದ್ದನು. ಇಂದು ಸಾಲ ಕೊಟ್ಟಿರುವವರು ಹಿಂದೆ ನಮ್ಮನ್ನು ಆಳಿದವರೇ ಎಂದು ಸಂಕಾರಾ ಹೇಳಿದರು. ಈ ಸಾಲವನ್ನು ತೀರಿಸಲಾರೆವು; ತೀರಿಸದಿದ್ದರೆ ಸಾಲಿಗರು ಸಾಯುವುದಿಲ್ಲ, ತೀರಿಸಿದರೆ ಸಾಯುವವರು ನಾವೇ ಎಂಬುದು ಅವರ ವಾದದ ತಿರುಳು. ದೊಡ್ಡ ಶಬ್ದಗಳೊಂದೂ ಅದರಲ್ಲಿಲ್ಲ. ಅವರ ಶ್ರೋತೃಗಳು ಪ್ಯಾರಿಸ್ಸಿನವರಲ್ಲ, ಎದುರಿನಲ್ಲಿ ಕುಳಿತಿದ್ದ ಸಹೋದರ ರಾಷ್ಟ್ರಗಳ ಅಧ್ಯಕ್ಷರು. ಕೈಯಲ್ಲಿ ಅಧಿಕಾರವಿದ್ದೂ ಹಿಂಜರಿಯುತ್ತಿದ್ದ ಜನ. ಅವರನ್ನು ನಗಿಸಿ ನಗಿಸಿ, ನಗುವಿನ ನಡುವೆಯೇ ಕರ್ತವ್ಯವನ್ನು ನೆನಪಿಸಿದರು. ಸಾಲಿಗರೆಲ್ಲ ಒಂದಾಗಿರುವಾಗ ಸಾಲಗಾರರೂ ಒಂದಾಗಬೇಕೆಂದರು. ತಾವು ಉಟ್ಟಿದ್ದ ಬಟ್ಟೆಯನ್ನು ತೋರಿಸಿ, ಇದರ ಹತ್ತಿ ನಮ್ಮ ನೆಲದಲ್ಲಿ ಬೆಳೆದದ್ದು, ನೂಲು ನೆಯ್ಗೆ ನಮ್ಮವರದು ಎಂದಾಗ, ಖಾದಿಯ ಚರಿತ್ರೆಯನ್ನು ಬಲ್ಲ ಭಾರತೀಯನಿಗೆ ಆ ವಾದದ ಬಲ ತಟ್ಟನೆ ತಿಳಿಯುತ್ತದೆ.

ಬುರ್ಕಿನಾ ಫಾಸೊ ಒಂದೇ ಸಾಲ ತೀರಿಸೆನೆಂದರೆ ಮುಂದಿನ ಸಮ್ಮೇಳನಕ್ಕೆ ತಾವು ಇರುವುದಿಲ್ಲವೆಂದೂ ಅವರು ಹೇಳಿದರು. ಸಭೆ ಚಪ್ಪಾಳೆ ತಟ್ಟಿತು; ಒಕ್ಕೂಟ ಏರ್ಪಡಲಿಲ್ಲ. ಅಕ್ಟೋಬರ್ 15ರಂದು ರಾಜಧಾನಿ ವಾಗಡುಗುವಿನಲ್ಲಿ ಅವರದೇ ಸೈನಿಕರು ಅವರನ್ನೂ ಅವರ ಹನ್ನೆರಡು ಜನ ಸಂಗಡಿಗರನ್ನೂ ಕೊಂದರು. ಅಧಿಕಾರಕ್ಕೆ ಬಂದವರು ಆಪ್ತಮಿತ್ರರಾಗಿದ್ದ ಬ್ಲೇಸ್ ಕಂಪಾವೊರೆ. ಆ ಕೊಲೆಯಲ್ಲಿ ಭಾಗಿಯಾದುದಕ್ಕಾಗಿ, ದೇಶಭ್ರಷ್ಟರಾಗಿದ್ದ ಅವರಿಗೆ 2022ರ ಏಪ್ರಿಲ್‌ನಲ್ಲಿ ಸೈನಿಕ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿತು.

ಸಾಲದ ಪ್ರಶ್ನೆ ಮಾತ್ರ ಸಂಕಾರಾ ಅವರೊಡನೆ ಮಣ್ಣಾಗಲಿಲ್ಲ. 1996ರಲ್ಲಿ ವಿಶ್ವಬ್ಯಾಂಕೂ ಅಂತಾರಾಷ್ಟ್ರೀಯ ಹಣಕಾಸು ನಿಧಿಯೂ, ಅತಿ ಬಡ ರಾಷ್ಟ್ರಗಳಲ್ಲಿ ಹಲವಕ್ಕೆ ತಮ್ಮ ಸಾಲದ ಹೊರೆಯನ್ನು ಹೊರುವುದು ಸಾಧ್ಯವೇ ಇಲ್ಲವೆಂದು ಒಪ್ಪಿ, ಅದನ್ನು ಇಳಿಸುವ ಯೋಜನೆಯೊಂದನ್ನು ಆರಂಭಿಸಿದವು. ಅದರ ಮೂಲಕ ಸಾಲದ ಭಾಗಶಃ ಮನ್ನಾ ಪಡೆದ ದೇಶಗಳಲ್ಲಿ ಬುರ್ಕಿನಾ ಫಾಸೊ ಕೂಡ ಒಂದು.